ಹೆಸರು ಹೇಳಲೊಲ್ಲದ ಚನ್ನಬಸವ್ವ

"ಗಂಡನ ಹೆಸರು?"

ಮಿಲ್ಲಿನ ಗೇಟಿನಲ್ಲಿ ಕುಳಿತ ಕಾರಕೂನ ಕುಬೇರಪ್ಪ ತಲೆಯೆತ್ತಿದ.

"ಅಕ್ಕಾರ, ನಿಮ್ಮನ್ನ ಕೇಳಾಕತ್ತೇನಿ. ಚನ್ನಬಸವ್ವ, ಊರು ಬೈರಿದೇವರಕೊಪ್ಪ... ಇಷ್ಟು ಬರಕೊಂಡೆ. ಗಂಡನ ಹೆಸರು ಹೇಳ್ರಿ, ಒಳಗ ಹೋಗ್ರಿ."

ಅವಳು ಹೆಸರೂ ಹೇಳಲಿಲ್ಲ, ಒಳಗೂ ಹೋಗಲಿಲ್ಲ. ತಲೆಮೇಲಿನ ಸೆರಗನ್ನು ಒಂದು ಬೆರಳಿನಿಂದ ಹಿಂದಕ್ಕೆ ಸರಿಸಿ, ನೇರವಾಗಿ ಅವನ ಕಣ್ಣೊಳಗೆ ನೋಡಿದಳು.

ಅಬ್ಬಾ, ಆ ನೋಟ! ಕುಬೇರಪ್ಪನ ಕೈಯಲ್ಲಿದ್ದ ಟಾಕಿನಿಂದ ಮಸಿ ಟಪ್ಪನೆ ಹೊಸ ಹಾಜರಿ ಪುಸ್ತಕದ ಮೇಲೆ ಬಿತ್ತು.

ಅಮ್ಮಿನಬಾವಿಯ ರೈತನ ಮಗ ಅವನು. ಧಾರವಾಡದಲ್ಲಿ ಮ್ಯಾಟ್ರಿಕ್ ಮುಗಿಸಿದವನು. ಮಿಲ್ಲಿನ ಕಾರಕೂನನಾಗಿ ಸೇರಿ ಹತ್ತೇ ದಿನ ಆಗಿತ್ತು. ಇಪ್ಪತ್ತಾರು ವರ್ಷಗಳಲ್ಲಿ ಯಾವ ಹೆಣ್ಣೂ ಅವನನ್ನು ಹೀಗೆ ನೋಡಿರಲಿಲ್ಲ.

'ಎಷ್ಟು ಸೊಕ್ಕು ಈಕಿಗೆ!' ಅಂದುಕೊಂಡ. ಅದರ ಬೆನ್ನಿಗೇ, 'ಕಣ್ಣು ಎಷ್ಟು ಛಲೋ ಅದಾವು!' ಅಂತಲೂ ಅನ್ನಿಸಿಬಿಟ್ಟಿತು. ಛೀ, ಛೀ! ಮಂದಿಯ ಹೆಂಡತಿ ಅವಳು... ಗಂಡನ ಹೆಸರು ಹೇಳಲೊಲ್ಲೆ ಅಂತಾಳೆ ಅಂದರೆ ಗಂಡ ಇರಲೇಬೇಕಲ್ಲ!

ಇಲ್ಲೇ ನೋಡ್ರಿ, ನಮ್ಮ ಮ್ಯಾಟ್ರಿಕ್ ಪಾಸಾದ ಜಾಣ ಎಡವಿದ್ದು.

ನಮ್ಮ ಕಡೆ ಹೆಣ್ಣುಮಕ್ಕಳು ಗಂಡನ ಹೆಸರು ಹಿಡಿದು ಕರೆಯುವುದಿಲ್ಲ. ಕರೆದರೆ ಅವನ ಆಯುಷ್ಯ ಕಡಿಮೆ ಆಗುತ್ತದೆ ಅಂತ ನಂಬಿಕೆ. ಲಗ್ನದಲ್ಲಿ ನಾಲ್ಕು ಮಂದಿ ಸೇರಿ ಕಾಡಿದರೆ ಒಡಪು ಕಟ್ಟಿ ಒಂದೇ ಒಂದು ಸಲ ಹೇಳುತ್ತಾರೆ, ಅದೂ ದೇವರ ಮುಂದೆ. ದಿನಾ ಬೆಳಿಗ್ಗೆ ಮಿಲ್ಲಿನ ಗೇಟಿನ ಮುಂದೆ ನಿಂತು ಕೂಗುವ ಮಾತಲ್ಲ ಅದು.

ಆದರೆ ಚನ್ನಬಸವ್ವನಿಗೆ ಗಂಡನೇ ಇರಲಿಲ್ಲ!

ಆರು ವರ್ಷಕ್ಕೆ ಲಗ್ನ, ಎಂಟು ವರ್ಷಕ್ಕೆ ಎಲ್ಲಾ ಮುಗಿದಿತ್ತು. ಕಣ್ಣಾಮುಚ್ಚಾಲೆ ಆಡುವಾಗ ಮೇವಿನ ಬಣವೆಯ ಹಿಂದೆ ಅಡಗಿದ್ದ ಹನ್ನೆರಡು ವರ್ಷದ ಗಂಡನನ್ನು ಹುಡುಕಿ, ಹೆಸರು ಹಿಡಿದು, "ಸಿಕ್ಕ! ಸಿಕ್ಕ!" ಅಂತ ಓಣಿಯೆಲ್ಲಾ ಕೇಳುವಂತೆ ಕೂಗಿದ್ದಳು. ಅದೇ ವಾರ ಊರಿಗೆ ಇನ್‌ಫ್ಲುಯೆಂಜಾ ಜ್ವರ ಬಂತು. ಊರಲ್ಲಿ ಮನೆಗೊಬ್ಬರಂತೆ ಹೋದರು, ಆ ಹುಡುಗನೂ ಹೋದ. ಉಳಿದವರನ್ನೆಲ್ಲಾ ಜ್ವರ ಕೊಂದಿತು. ಅವನನ್ನು ಮಾತ್ರ ಹೆಂಡತಿ ಕೊಂದಳಂತೆ!

"ಹೆಸರು ನುಂಗಿದಾಕಿ" ಅಂತ ಅತ್ತೆಮನೆಯವರು ಇಟ್ಟ ಹೆಸರು ಇಪ್ಪತ್ತೆರಡು ತುಂಬಿದರೂ ಅವಳನ್ನು ಬಿಟ್ಟಿರಲಿಲ್ಲ.

ಹೀಗಾಗಿ ಆ ದಿನ ಗೇಟಿನಲ್ಲಿ ಹೆಸರು ಹೇಳಲು ಅವಳಿಗೆ ಯಾವ ಅಡ್ಡಿಯೂ ಇರಲಿಲ್ಲ. ಸತ್ತವನ ಆಯುಷ್ಯ ಇನ್ನೇನು ಕಡಿಮೆಯಾದೀತು? ಹೇಳಿ ಒಳಗೆ ಹೋಗಬಹುದಿತ್ತು. ಹಿಂದೆ ನಿಂತ ಅರವತ್ತು ಹೆಂಗಸರ ಮುಖ ನೋಡಿ ಹೋಗಲಿಲ್ಲ, ಅಷ್ಟೇ.

ಇದೆಲ್ಲಾ ಕುಬೇರಪ್ಪನಿಗೆ ತಿಳಿಯುವುದಾದರೂ ಹೇಗೆ? ಯಂತ್ರಕ್ಕೆ ಸಿಗುತ್ತವೆ ಅಂತ ಮಿಲ್ಲಿನಲ್ಲಿ ಯಾರಿಗೂ ಬಳೆ ಹಾಕಲು ಅಪ್ಪಣೆ ಇರಲಿಲ್ಲ. ತಾಳಿಯನ್ನು ಎಲ್ಲರೂ ಕುಬಸದೊಳಗೆ ಸೇರಿಸಿಕೊಂಡೇ ಬರುತ್ತಿದ್ದರು. ಹಣೆಯ ವಿಭೂತಿ ಎಲ್ಲರದೂ ಒಂದೇ.

ಅದು ಸಾವಿರದ ಒಂಬೈನೂರಾ ಮೂವತ್ತೆರಡನೇ ಇಸವಿ. ಹುಬ್ಬಳ್ಳಿಯಿಂದ ಗೋಕುಲದ ಹಾದಿ ಹಿಡಿದರೆ ಹೊಲಗಳ ನಡುವೆ ದೊಡ್ಡ ಚಿಮಣಿ ಕಾಣುತ್ತಿತ್ತು. ಮಾಲೀಕರು ಸಮುದ್ರದಾಚೆಯವರು, ಅದಕ್ಕೆ ಮಂದಿ ಅದನ್ನು ವಿಲಾಯತಿ ಮಿಲ್ಲು ಅನ್ನುತ್ತಿದ್ದರು. ಅಲ್ಲಿಗೆ ಹೊಸದಾಗಿ ಬಂದ ಮ್ಯಾನೇಜರ್ ಆಶ್ವರ್ತ್ ಸಾಹೇಬ. ಹೆಂಗಸರ ಬಾಯಲ್ಲಿ ಎರಡೇ ದಿನಕ್ಕೆ "ಅಶ್ವತ್ಥ ಸಾಹೇಬ" ಆಗಿಬಿಟ್ಟಿದ್ದ.

ನೂಲಿನ ಲಡಿ ಸುತ್ತುವ ಖಾತೆಯಲ್ಲಿ ನಾಲ್ಕು ಜನ ಈರವ್ವ, ಏಳು ಜನ ಬಸವ್ವ. ಒಬ್ಬ ಬಸವ್ವ ಬಾಣಂತಿಯಾಗಿ ಮನೆಯಲ್ಲಿ ಮಲಗಿದ್ದಾಗ ಅವಳ ತಂಗಿ ಅಕ್ಕನ ಹಾಜರಿ ಚೀಟಿ ಹಿಡಿದುಕೊಂಡು ಬಂದು ತಿಂಗಳಿಡೀ ದುಡಿದು ಹೋಗಿದ್ದಳು. ನಮ್ಮವರಿಗೆ ಅದು ಮೋಸವಲ್ಲ, ಅಕ್ಕನ ಕೆಲಸ ತಂಗಿ ಕಾಯುವುದು ಧರ್ಮ. ಸಾಹೇಬನಿಗೆ ಅದು ಕಳ್ಳತನ! ಹುಕುಂ ಹೊರಟಿತು. ಪ್ರತಿಯೊಬ್ಬ ಹೆಂಗಸೂ ತನ್ನ ಬಾಯಿಂದಲೇ ತನ್ನ ಹೆಸರು, ಗಂಡನ ಹೆಸರು ಹೇಳಿ ಒಳಗೆ ಹೋಗಬೇಕು. ಶನಿವಾರ ಮಧ್ಯಾಹ್ನದ ಸೀಟಿ ಆಗುವುದರೊಳಗೆ ಹೇಳದವರ ಹೆಸರು ಹೊಡೆದುಹಾಕಿ ಬೇರೆ ಊರಿನ ಹೆಂಗಸರನ್ನು ತರಬೇಕು.

ಆ ಸೋಮವಾರ ಗೇಟಿನ ಹೊರಗೆ ಅರವತ್ತು ಹೆಂಗಸರು ನಿಂತೇ ಇದ್ದರು.

ಸಾಹೇಬ ಸ್ವತಃ ಬಂದ. ಬಿಸಿಲಿಗೆ ಮುಖ ಕೆಂಪಾಗಿತ್ತು. "ಇವರು ಯಾಕೆ ಹೇಳುತ್ತಿಲ್ಲ?" ಅಂತ ಇಂಗ್ಲಿಷಿನಲ್ಲಿ ಕೇಳಿದ.

ಖರೇ ಕಾರಣ ಕುಬೇರಪ್ಪನ ನಾಲಿಗೆಯ ತುದಿಯಲ್ಲೇ ಇತ್ತು. ಅವನ ಅವ್ವ ಕೂಡ ಅಪ್ಪನ ಹೆಸರು ಒಂದು ದಿನವೂ ಹೇಳಿದವಳಲ್ಲ! ಆದರೆ ಹೇಳಿದರೆ ಸಾಹೇಬ ನಗುತ್ತಾನೆ... 'ಎಂಥ ಮೂಢ ಮಂದಿ ನೀವು' ಅಂತಾನೆ...

"ಅವರಿಗೆ ನಾಚಿಕೆ, ಸರ್" ಅಂದುಬಿಟ್ಟ.

"ನಾಚಿಕೆಯಾ? ಹಾಗಾದರೆ ವಾರದಲ್ಲಿ ಹೋಗುತ್ತದೆ" ಅಂತ ಸಾಹೇಬ ತಿರುಗಿ ಹೊರಟ.

ಮಧ್ಯಾಹ್ನ ಬಿಸಿಲು ಸುಡತೊಡಗಿತು. ಹೆಂಗಸರು ಅಲ್ಲೇ ಗೋಡೆಯ ನೆರಳಿಗೆ ಕುಳಿತಿದ್ದರು. ಆಗ ಕುಬೇರಪ್ಪ, ತಲೆಮೇಲಿನ ಟೊಪ್ಪಿಗೆ ಓರೆಯಾಗಿದ್ದರೂ ಲಕ್ಷ್ಯವಿಲ್ಲದೆ, ಭುಜದ ಮೇಲೆ ತಾಮ್ರದ ಕೊಡ ಹೊತ್ತುಕೊಂಡು ಬಾವಿಯ ಕಡೆಯಿಂದ ಬಂದ. ಅಂಗಿಯೆಲ್ಲಾ ತೋಯ್ದಿತ್ತು.

"ಕುಡೀರಿ ಅಕ್ಕಾರ" ಅಂತ ಕೆಳಗಿಟ್ಟು, ಯಾರ ಮುಖವನ್ನೂ ನೋಡದೆ ಹೋದ.

"ಏನವಾ ಇದು, ಕಾರಕೂನ ನೀರು ಹೊರೂದು ಇವತ್ತ ನೋಡಿದೆ!" ಅಂದಳು ಈರವ್ವ. ಲಡಿ ಸುತ್ತುವಾಗ ಚನ್ನಬಸವ್ವನ ಎದುರಿಗೆ ನಿಲ್ಲುವ ಜೋಡಿ ಈಕೆ. ನಲವತ್ತೈದರ ಹೆಂಗಸು, ಬಾಯಿ ಮಾತ್ರ ಹದಿನಾರರದ್ದು. "ನೀ ಯಾಕ ಹಂಗ ನೋಡಾಕತ್ತಿ, ತಂಗಿ?"

"ಎಲ್ಲಿ ನೋಡಿದೆ? ನೀರು ಕುಡಿ ಸುಮ್ಕ."

ಚನ್ನಬಸವ್ವ ನೀರು ಕುಡಿದಳು. ತಣ್ಣಗಿತ್ತು. ಎದೆಯೊಳಗೆ ಯಾಕೋ ಬೆಚ್ಚಗಾಯಿತು.

ಆದರೆ ಆ ಬಿಸುಪು ಒಂದು ರಾತ್ರಿಯೂ ಉಳಿಯಲಿಲ್ಲ!

ಮರುದಿನ ಬೆಳಿಗ್ಗೆ ಗೇಟು ಕಾಯುವ ಕಮರುದ್ದೀನ ಚಾಚಾ ಹತ್ತಿರ ಬಂದು ಮೆಲ್ಲಗೆ ಕೇಳಿದ, "ಯವ್ವಾ, ನೀವು ನಾಚಿಕಿಗೆ ಹೆಸರು ಹೇಳಾಕತ್ತಿಲ್ಲೇನು?" ಚಾಚಾ ಪುಣೆಯ ಲಷ್ಕರದಲ್ಲಿ ಸಾಹೇಬರ ಮನೆಯಲ್ಲಿ ಇದ್ದವನು. ನಾಲ್ಕು ಇಂಗ್ಲಿಷ್ ಮಾತು ತಿಳಿಯುತ್ತಿತ್ತು.

"ನಾಚಿಕಿ? ಯಾರಂದ್ರು?"

"ನಿಮ್ಮ ಕಾರಕೂನ. ಸಾಹೇಬಗ ಹಂಗ ಹೇಳಿದ. ನಾ ಇಲ್ಲೇ ನಿಂತಿದ್ನಲ್ಲ."

ಚನ್ನಬಸವ್ವನ ಮೈ ಉರಿದುಹೋಯಿತು. ಸೀದಾ ಕುಬೇರಪ್ಪನ ಮೇಜಿನ ಮುಂದೆ ಹೋಗಿ ನಿಂತಳು.

"ಕುಬೇರಪ್ಪನವರ!"

ಹೆಸರು ಕೇಳಿ ಅವನು ಎದ್ದೇಬಿಟ್ಟ. "ಹೇಳ್ರಿ..."

"ನಾಚಿಕಿ ಯಾರಿಗಿ ಬಂದೈತ್ರಿ? ನಮಗೋ, ನಿಮಗೋ?"

ಅವನ ಮುಖ ಬೆಳ್ಳಗಾಯಿತು.

"ನೀವು ನಮ್ಮಂಥ ಮನ್ಯಾಗ ಹುಟ್ಟಿದವ್ರು. ನಿಮಗ ಖರೇ ಕಾರಣ ಗೊತ್ತಿತ್ತು. ಆದ್ರೂ ನಮ್ಮನ್ನ ಹಸುಗೂಸು ಮಾಡಿಬಿಟ್ರಿ. 'ನಾಚತಾವು, ನಾಕ ದಿನ ಬಿಟ್ರ ಸರಿ ಹೋಗ್ತಾವು' ಅಂತ! ಸಾಹೇಬ ಬೈದಿದ್ರ ಬೈಸ್ಕೋತಿದ್ವಿ. ನೀವು ನಮ್ಮನ್ನ ಮುಚ್ಚಿಟ್ರಿ. ಯಾಕ್ರಿ? ನಮ್ಮ ಮಂದಿ ಅಂತ ಹೇಳಾಕ ಅಷ್ಟು ಕೀಳು ಅನ್ನಿಸ್ತೇನು?"

ಅವಳು ತಿರುಗಿ ಹೋಗುವಾಗ ಕಣ್ಣಲ್ಲಿ ನೀರಿತ್ತು. ಸಿಟ್ಟಿನ ನೀರು ಅಂತ ತನಗೆ ತಾನೇ ಹೇಳಿಕೊಂಡಳು. ಸಿಟ್ಟಷ್ಟೇ ಆಗಿದ್ದರೆ ಅಷ್ಟು ಉರಿಯುತ್ತಿರಲಿಲ್ಲ. 'ನೀರು ತಂದು ಕೊಟ್ಟಾಂವ... ಅಂವನೂ ಹಿಂಗ ಮಾಡಿದ್ನಲ್ಲ!'

ಬುಧವಾರ ಸಂಜೆ. ಹೆಂಗಸರು ಹೊಲದ ಹಾದಿಯಲ್ಲಿ ಮನೆಗೆ ಹೊರಟಿದ್ದರು. ಹಿಂದಿನಿಂದ ಓಡಿ ಬಂದ ಸದ್ದು.

"ಚನ್ನಬಸವ್ವಾರ... ಒಂದು ಮಾತು."

ಈರವ್ವ ಕಣ್ಣು ಮಿಟುಕಿಸಿ ಉಳಿದವರನ್ನು ಮುಂದಕ್ಕೆ ಕರೆದುಕೊಂಡು ಹೋದಳು. ತಾನು ಮಾತ್ರ ಮಾತು ಕೇಳುವಷ್ಟು ದೂರದಲ್ಲೇ ಇದ್ದಳು ಅನ್ನಿ!

"ತಪ್ಪಾತು. ನೀವಂದದ್ದು ಖರೇ" ಅಂದ ಕುಬೇರಪ್ಪ. "ನನಗ ನಾಚಿಕಿ ಬಂತು. ಎರಡು ರಾತ್ರಿ ನಿದ್ದಿ ಇಲ್ಲ."

ಅವನು ಹಿಂದೆ ಮುಂದೆ ನೋಡಿ ಇನ್ನಷ್ಟು ಹತ್ತಿರ ಬಂದ.

"ಶನಿವಾರ ಭಾಳ ದೂರ ಇಲ್ಲ. ನೀವು ಯಾವುದರ ಒಂದು ಹೆಸರು ಹೇಳ್ರಿ, ನಾ ಬರಕೋತೇನಿ. ಗುಟ್ಟಾಗಿ. ಯಾರಿಗೂ ತಿಳಿಯಂಗಿಲ್ಲ. ನಿಮ್ಮ ಕೆಲಸರ ಉಳೀಲಿ."

"ನನ್ನೊಬ್ಬಾಕಿದಾ?"

"ನಿಮ್ಮದು... ಹೌದು." ಅವನ ದನಿ ಇಳಿಯಿತು. ಮಂದಿಯ ಹೆಂಡತಿ ಅಂತ ಗೊತ್ತಿದ್ದೂ ಇವಳ ಮುಂದೆ ತಾನು ಯಾಕೆ ಹೀಗೆ ಸೋಲುತ್ತಿದ್ದೇನೆ ಅಂತ ಅವನಿಗೇ ತಿಳಿಯಲಿಲ್ಲ.

ಚನ್ನಬಸವ್ವನಿಗೆ ಮನೆ ನೆನಪಾಯಿತು. ಅವ್ವನಿಗೆ ಎರಡೂ ಕಣ್ಣಿಗೆ ಪೊರೆ ಬಂದಿತ್ತು. ಮಿಲ್ಲಿನ ಕೆಲಸ ಹೋದರೆ ಮತ್ತೆ ಅತ್ತೆಮನೆಯೇ ಗತಿ. ಅಲ್ಲಿ ಸಗಣಿ ಬಾಚುತ್ತಾ, 'ಹೆಸರು ನುಂಗಿದಾಕಿ' ಅಂತ ಅನ್ನಿಸಿಕೊಳ್ಳುತ್ತಾ ಮುದುಕಿಯಾಗಬೇಕು. ಅದನ್ನು ನೆನೆದರೇ ಉಸಿರು ಕಟ್ಟುತ್ತಿತ್ತು. ಆದರೂ...

"ಒಲ್ಲೆರಿ" ಅಂದಳು. "ಒಬ್ಬಾಕಿ ಒಳಗ ಹೋದ್ರ ಉಳಿದವರನ್ನ ಮುರಿಯೂದು ಸಾಹೇಬಗ ಸಸಾರ. ನನಗ ನಿಮ್ಮ ಕಡಿಯಿಂದ ಒಂದ ಆಗಬೇಕು."

"ಹೇಳ್ರಿ."

"ನನ್ನನ್ನ ಸಾಹೇಬನ ಮುಂದ ನಿಂದರಸ್ರಿ. ನಾ ಏನು ಹೇಳ್ತೇನೋ ಅದನ್ನ ಇದ್ದದ್ದು ಇದ್ದಂಗ ಹೇಳ್ರಿ. ಒಂದು ಮಾತೂ ನುಂಗಬ್ಯಾಡ್ರಿ, ಒಂದು ಮಾತಿಗೂ ಬೆಲ್ಲ ಹಚ್ಚಬ್ಯಾಡ್ರಿ. ಆಕ್ಕೈತೇನು?"

ನೌಕರಿ ಹೋಗಬಹುದು ಅಂತ ಕುಬೇರಪ್ಪನಿಗೆ ಗೊತ್ತಿತ್ತು. "ಆಕ್ಕೈತಿ" ಅಂದ.

ಗುರುವಾರ. ಸಾಹೇಬನ ಕೋಣೆ. ಮೇಜಿನಾಚೆ ಪೈಪು ಸೇದುತ್ತಾ ಸಾಹೇಬ. ಈಚೆ ಚನ್ನಬಸವ್ವ, ಈರವ್ವ. ನಡುವೆ ಕುಬೇರಪ್ಪ. ಸಾಹೇಬ ಐದು ನಿಮಿಷ ಅಂತ ಗಡಿಯಾರ ತೋರಿಸಿದ.

"ಮೊದಲು ನನ್ನದೊಂದು ಮಾತು, ಸರ್" ಅಂದ ಕುಬೇರಪ್ಪ. "ಸೋಮವಾರ ನಾನು ನಿಮಗೆ ಸುಳ್ಳು ಹೇಳಿದೆ. ಇವರಿಗೆ ನಾಚಿಕೆ ಇಲ್ಲ. ನಾಚಿಕೆ ಆದದ್ದು ನನಗೆ. ಖರೇ ಹೇಳಿದರೆ ನೀವು ನಗುತ್ತೀರಿ ಅಂತ ಅಂಜಿದೆ."

ಸಾಹೇಬ ಪೈಪು ಕೆಳಗಿಟ್ಟ. ಕುಬೇರಪ್ಪ ಇಂಗ್ಲಿಷಿನಲ್ಲಿ ಏನಂದ ಅಂತ ಚನ್ನಬಸವ್ವನಿಗೆ ತಿಳಿಯಲಿಲ್ಲ. ಆದರೆ ಅವನ ಬೆನ್ನು ನೆಟ್ಟಗಾದದ್ದು ಕಂಡಿತು. ಅವಳಿಗೆ ಧೈರ್ಯ ಬಂತು.

"ಗಂಡನ ಹೆಸರು ಹೇಳಿದ್ರ ಅಂವನ ಆಯುಷ್ಯ ಕಡಿಮಿ ಆಕ್ಕೈತಿ ಅಂತ ನಮ್ಮ ಮಂದಿ ನಂಬ್ಯಾರ್ರಿ."

ಕುಬೇರಪ್ಪ ಹಾಗೇ ಹೇಳಿದ. ಸಾಹೇಬ ನಕ್ಕೇಬಿಟ್ಟ! "ಇದನ್ನು ನೀನು ನಂಬುತ್ತೀಯಾ?"

"ನನ್ನ ನಂಬಿಕಿ ಕೇಳಬ್ಯಾಡ್ರಿ, ಆದದ್ದನ್ನ ಕೇಳ್ರಿ. ಒಬ್ಬ ಹುಡುಗಿ ಇದ್ದಳು. ಎಂಟು ವರ್ಷದಾಕಿ. ಆಟದಾಗ ಗಂಡನ ಹೆಸರು ಹಿಡದು ಕೂಗಿದಳು. ಅದ ವಾರ ಅಂವ ಜ್ವರ ಬಂದು ಸತ್ತ. ಆಕಿನ್ನ ಕೊಂದಾಕಿ ಅಂದ್ರು. ಇವತ್ತಿನ ಮಟ ಅನ್ನಾಕತ್ತಾರ. ನಾಳೆ ಈ ಅರವತ್ತು ಮಂದ್ಯಾಗ ಒಬ್ಬಾಕಿ ಗಂಡಗ ಏನರ ಆತು ಅನ್ರಿ, ಮನ್ಯಾಗ ಜ್ವರಕ್ಕ ಬೈತಾರೇನು? ಆಕಿಗೆ ಬೈತಾರ! ಅವತ್ತ ಸಾಹೇಬ್ರು ಆಕಿ ಬಾಗಿಲಿಗೆ ಬಂದು, ಇದು ನನ್ನ ಹುಕುಂ, ಈಕಿದೇನೂ ತಪ್ಪಿಲ್ಲ ಅಂತ ನಿಂದರ್ತಾರೇನು? ಕೇಳ್ರಿ."

ಕುಬೇರಪ್ಪ ಒಂದು ಮಾತೂ ಬಿಡದೆ ಹೇಳಿದ. ಆ ಹುಡುಗಿ ಯಾರು ಅಂತ ಅವನಿಗೆ ಇನ್ನೂ ಹೊಳೆದಿರಲಿಲ್ಲ.

ಸಾಹೇಬನ ನಗು ನಿಂತಿತು. ಎದ್ದು ಕಿಟಕಿಯ ಹತ್ತಿರ ಹೋದ.

"ನನ್ನ ತಾಯಿ ಲ್ಯಾಂಕಾಶೈರಿನ ಮಿಲ್ಲಿನಲ್ಲಿ ಮೂವತ್ತು ವರ್ಷ ದುಡಿದವಳು" ಅಂದ. "ದಿನಾ ಗೇಟಿನಲ್ಲಿ ತನ್ನ ಹೆಸರು, ನನ್ನ ಅಪ್ಪನ ಹೆಸರು ಕೂಗಿ ಹೇಳಿ ಒಳಗೆ ಹೋಗುತ್ತಿದ್ದಳು. ಅದು ಅವಳಿಗೆ ಹೆಮ್ಮೆ. ನಾನು ನಿಮಗೂ ಅದೇ ಮರ್ಯಾದೆ ಕೊಡುತ್ತಿದ್ದೇನೆ ಅಂದುಕೊಂಡಿದ್ದೆ."

ಕುಬೇರಪ್ಪ ಅದನ್ನು ಕನ್ನಡದಲ್ಲಿ ಹೇಳಿದಾಗ ಚನ್ನಬಸವ್ವನ ಮುಖ ಮೆತ್ತಗಾಯಿತು. ಈ ಕೆಂಪು ಮೋರೆಯ ಸಾಹೇಬನೂ ದುಡಿಯುವ ಅವ್ವನ ಮಗನೇ!

"ಅವರ ತಾಯಿಗೆ ನಮ್ಮ ಶರಣು ತಿಳಿಸ್ರಿ. ಹೆಸರು ಬರಕೊಳ್ಳಬ್ಯಾಡ್ರಿ ಅನ್ನಂಗಿಲ್ಲ ನಾವು. ಹೇಳೂ ಬಾಯಿ ಬ್ಯಾರೆ ಆಗಲಿ ಅಂತೇವಿ. ಲಡಿ ಸುತ್ತೂದು ನಾವು ಜೋಡಿ ಜೋಡಿ. ಈರವ್ವನ ಗಂಡನ ಹೆಸರು ನಾ ಹೇಳ್ತೇನಿ, ನಂದು ಏನೈತೋ ಆಕಿ ಹೇಳ್ತಾಳ. ಒಬ್ಬಾಕಿ ಚೀಟಿ ಮ್ಯಾಲ ಇನ್ನೊಬ್ಬಾಕಿ ಬಂದ್ರ ಜೋಡಿನ ಸಿಕ್ಕಬೀಳ್ತೈತಿ. ಸುಳ್ಳು ಹೇಳಿದ್ರ ಇಬ್ಬರನ್ನೂ ಹೊರಗ ಹಾಕ್ರಿ."

ಸಾಹೇಬ ಲೆಕ್ಕದ ಮನುಷ್ಯ. ಅವನ ಹುಕುಮಿಗಿಂತ ಈ ಹಳ್ಳಿ ಹೆಂಗಸಿನ ಉಪಾಯವೇ ಗಟ್ಟಿ ಅಂತ ತಿಳಿಯಲು ತಡವಾಗಲಿಲ್ಲ. ಮೇಲಾಗಿ ನಾಲ್ಕು ದಿನದಿಂದ ಸುತ್ತದ ನೂಲು ಬೆಟ್ಟದಂತೆ ಬಿದ್ದಿತ್ತು.

"ನಾಳೆ ಬೆಳಿಗ್ಗೆ ನೋಡೋಣ. ನಾನೇ ನಿಂತು ನೋಡುತ್ತೇನೆ. ಒಂದು ಸುಳ್ಳು ಸಿಕ್ಕರೂ ಮೊದಲು ಹೋಗುವುದು ನಿನ್ನ ಹೆಸರು" ಅಂದ.

ಹೊರಗೆ ಬಂದಾಗ ಈರವ್ವ ತೋಳು ಹಿಡಿದಳು. "ತಂಗಿ, ನಾಳೆ ನಿನ್ನ ಗಂಡಂದು ಏನು ಹೇಳ್ಲಿ? ಕಾರಕೂನಗ ನೀ ಮುತ್ತೈದಿ ಅಂತನ ತಿಳದೈತಿ."

ಚನ್ನಬಸವ್ವ ತಡೆದು ನಿಂತಳು. ನಾಳೆಯಿಂದ ಆ ಕಣ್ಣುಗಳು ತನ್ನನ್ನು ಬೇರೆ ರೀತಿ ನೋಡುತ್ತವೆ. ಅಯ್ಯೋ ಪಾಪ ಅಂತಲೋ, ಅಪಶಕುನ ಅಂತಲೋ...

"ಖರೇನ ಹೇಳು" ಅಂದಳು. "ಮಂದಿ ಖರೇ ಹೇಳ್ಬೇಕು, ನಾ ಮಾತ್ರ ಮುಚ್ಚಿಡಬೇಕೇನು?"

ಶುಕ್ರವಾರ ಬೆಳಿಗ್ಗೆ ಗೇಟಿನ ಮುಂದೆ ಹಬ್ಬವೇ ಹಬ್ಬ! ತಮ್ಮ ಗಂಡನ ಹೆಸರು ಹೇಳದ ಹೆಂಗಸರಿಗೆ ಬೇರೆಯವರ ಗಂಡನ ಹೆಸರು ಕೂಗಲು ಎಲ್ಲಿಲ್ಲದ ಹುರುಪು.

"ಈಕಿ ಗಂಡ ರಾಮಪ್ಪ! ಕುಂಭಕರ್ಣನಂಗ ಮಲಗತಾನ, ಅದನ್ನೂ ಬರಕೋರಿ!"

"ಏ ಮೂಳಿ, ನಿನ್ನ ಪಾಳಿ ಬರಲಿ ತಡಿ!"

ನಗು, ಚೀರಾಟ. ಸಾಹೇಬನಿಗೆ ಭಾಷೆ ತಿಳಿಯದಿದ್ದರೂ ಮೀಸೆಯ ಕೆಳಗೆ ನಗು ಬಂತು. ಒಂದು ಜೋಡಿಯೂ ತಪ್ಪಲಿಲ್ಲ. ಕುಬೇರಪ್ಪನ ಟಾಕು ಓಡುತ್ತಲೇ ಇತ್ತು.

ಕೊನೆಗೆ ಚನ್ನಬಸವ್ವ ಮುಂದೆ ಬಂದಳು. "ಈರವ್ವನ ಗಂಡ ದ್ಯಾಮಣ್ಣ" ಅಂತ ಹೇಳಿ, ನೆಲ ನೋಡುತ್ತಾ ನಿಂತಳು.

ಕುಬೇರಪ್ಪ ಈರವ್ವನ ಕಡೆ ತಿರುಗಿದ. ಯಾವನೋ ಪುಣ್ಯವಂತನ ಹೆಸರು ಈಗ ಬರೆಯಬೇಕು... ಕೈ ಭಾರವಾಗಿತ್ತು. "ಚನ್ನಬಸವ್ವನ ಗಂಡನ ಹೆಸರು?"

"ಆಕಿಗೆ ಗಂಡ ಇಲ್ರಿ" ಅಂದಳು ಈರವ್ವ, ಈ ಸಲ ನಗದೆ. "ಎಂಟು ವರ್ಷದಾಕಿ ಇದ್ದಾಗನ ತೀರಿಕೊಂಡ. ಜ್ವರದಾಗ."

ಟಾಕು ನಿಂತಿತು.

ಎಂಟು ವರ್ಷ... ಜ್ವರ... ನಿನ್ನೆ ತನ್ನ ಬಾಯಿಂದಲೇ ಇಂಗ್ಲಿಷಿನಲ್ಲಿ ಹೇಳಿದ ಹುಡುಗಿ! ಇವಳೇ! ಹಾಗಾದರೆ ಹೆಸರು ಹೇಳಲು ಇವಳಿಗೆ ಅಡ್ಡಿಯೇ ಇರಲಿಲ್ಲ... ನಾಲ್ಕು ದಿನ ಬಿಸಿಲಲ್ಲಿ ನಿಂತದ್ದು...

ಅವನು ತಲೆಯೆತ್ತಿ ನೋಡಿದ. ಏನೋ ಹೇಳಲು ತುಟಿ ಅಲುಗಿತು.

"ಆಯಿತು, ಒಳಗೆ ಹೋಗಲಿ!" ಅಂದ ಸಾಹೇಬ.

ಚನ್ನಬಸವ್ವ ಒಳಗೆ ಹೋದಳು. ಅರವತ್ತು ಹೆಂಗಸರ ಕೆಲಸ ಉಳಿದಿತ್ತು, ತನ್ನದೂ ಉಳಿದಿತ್ತು. ಗೆದ್ದಿದ್ದಳು. ಆದರೆ ಕೈಗೆ ಸಿಕ್ಕ ನೂಲೆಲ್ಲಾ ಆ ದಿನ ಹರಿದು ಹರಿದು ಹೋಯಿತು. 'ಒಂದು ಮಾತೂ ಆಡಲಿಲ್ಲಲ್ಲ ಅಂವ!'

ಮರುದಿನ ಗೇಟಿನ ಕುರ್ಚಿಯಲ್ಲಿ ಬೇರೆ ಕಾರಕೂನ ಕುಳಿತಿದ್ದ.

"ರಜಾ ಹಾಕಿ ಊರಿಗೆ ಹೋದ" ಅಂದ ಕಮರುದ್ದೀನ ಚಾಚಾ. "ಯಾಕಂತ ಗೊತ್ತಿಲ್ಲವಾ."

ಚನ್ನಬಸವ್ವನಿಗೆ ಗೊತ್ತಿತ್ತು! ಗಂಡ ಸತ್ತವಳು ಅಂತ ತಿಳಿದೊಡನೆ ಓಡಿಹೋದ. ಎಲ್ಲರೂ ಅಷ್ಟೇ. ಇವನೂ ಅಷ್ಟೇ. ಒಂದು ದಿನ ಹೋಯಿತು, ಎರಡಾಯಿತು, ವಾರವಾಯಿತು. ಬರುವಾಗ ಹೋಗುವಾಗ ಆ ಕುರ್ಚಿಯ ಕಡೆ ನೋಡಬಾರದು ಅಂತ ಆಣೆ ಹಾಕಿಕೊಂಡಳು. ದಿನಕ್ಕೆ ನಾಲ್ಕು ಸಲ ಮುರಿದಳು.

ಒಂಬತ್ತನೇ ದಿನ ರವಿವಾರ. ಬೈರಿದೇವರಕೊಪ್ಪದ ಅವಳ ಮನೆಯ ಕಟ್ಟೆ. ಜೋಳ ಹಸನು ಮಾಡುತ್ತಾ ಕುಳಿತಿದ್ದಳು. ಮೊರದ ಮೇಲೆ ಯಾರದೋ ನೆರಳು ಬಿತ್ತು.

ತಲೆಯೆತ್ತಿದಳು. ಮೊಣಕಾಲಿನವರೆಗೆ ಧೂಳು ಮೆತ್ತಿಕೊಂಡು ನಿಂತಿದ್ದ ಕುಬೇರಪ್ಪ!

ದನಿ ಗಟ್ಟಿ ಮಾಡಿಕೊಂಡಳು. "ಏನು ಕುಬೇರಪ್ಪನವರ, ಹಾದಿ ತಪ್ಪಿ ಬಂದ್ರೇನು?"

"ಇಲ್ಲ. ಕೇಳಿಕೋತ ಬಂದೆ."

"ಅಯ್ಯೋ ಪಾಪ ಅನ್ನಾಕ ಬಂದಿದ್ರ ಹಂಗ ಹೊಳ್ಳಿ ಹೋಗ್ರಿ. ಅದು ನನಗ ಬ್ಯಾಡ."

"ಪಾಪ? ನಿಮಗ?" ಅವನು ಕಟ್ಟೆಯ ತುದಿಗೆ ಕುಳಿತ. "ಒಳಗ ಹೋಗಾಕ ಅಡ್ಡಿ ಇಲ್ಲದಾಕಿ ನೀವು. ನೀವ ಎಲ್ಲಾರಕಿಂತ ಮುಂದ ನಿಂತಿದ್ರಿ. ನನಗ ಅಡ್ಡಿ ಏನಿತ್ತು ಖರೇ ಹೇಳಾಕ? ನಾನ ಅಡಗಿ ಕುಂತೆ. ಪಾಪ ಅನ್ನೂದಿದ್ರ ನನಗ ಅನ್ನಬೇಕ್ರಿ."

"ಅದನ್ನ ಹೇಳಾಕ ಒಂಬತ್ತು ದಿನ ಬೇಕಾದ್ವೇನು?" ಅಂದುಬಿಟ್ಟಳು. ದಿನದ ಲೆಕ್ಕ ಇಟ್ಟದ್ದು ತನ್ನ ಬಾಯಿಂದಲೇ ಗೊತ್ತಾಗಿಹೋಯಿತು! ನಾಲಿಗೆ ಕಚ್ಚಿಕೊಂಡಳು.

ಕುಬೇರಪ್ಪನ ಮುಖದಲ್ಲಿ ಮೊದಲ ಸಲ ನಗು ಬಂತು. "ಅವತ್ತ ಗೇಟಿನ್ಯಾಗ ಮಾತಾಡಿದ್ರ ಬರೇ ಮಾತು ಆಗತಿತ್ತು. ಮೊದಲ ನಮ್ಮ ಅವ್ವಗ ಹೇಳಿ, ಆಮ್ಯಾಲ ನಿಮ್ಮ ಮುಂದ ಬರಬೇಕಂತ ಊರಿಗೆ ಹೋದೆ. ನಮ್ಮ ಮಂದ್ಯಾಗ ಉಡಿಕಿ ಐತಿ. ಗಂಡ ಹೋದಾಕಿಗೆ ಸೀರಿ ಉಡಿಸಿ ಮತ್ತ ಲಗ್ನ ಮಾಡಿಕೊಳ್ಳೂದು ಹೊಸಾದೇನಲ್ಲ."

ಅವಳ ಕೈ ಜೋಳದ ಮೇಲೆ ಹಾಗೇ ನಿಂತಿತು.

"ಅವ್ವ... ಏನಂದ್ರು?"

"ಒಂದು ವಾರ ನನ್ನ ಜೋಡಿ ಮಾತು ಬಿಟ್ಟಳು. ರೊಟ್ಟಿ ಬಡಿದು ಮುಂದಿಡೂದು, ಹೋಗೂದು. ನಾನೂ ಜಗ್ಗಲಿಲ್ಲ. ಎಂಟನೇ ದಿನ ತಾನಾಗೇ ಕೇಳಿದಳು, 'ಆಕಿ ಹೆಸರೇನೋ?' ಅಂತ."

ಚನ್ನಬಸವ್ವನಿಗೆ ಅಳು ಬಂದುಬಿಟ್ಟಿತು. ಸೆರಗು ಬಾಯಿಗೆ ಒತ್ತಿಕೊಂಡಳು.

"ನಾ ಕೆಲಸ ಬಿಡಂಗಿಲ್ಲ" ಅಂದಳು, ಅಳುತ್ತಲೇ.

"ಬಿಡಬ್ಯಾಡ್ರಿ."

"ಅವ್ವ ನನ್ನ ಜೋಡಿನ ಇರಬೇಕು. ಆಕಿಗೆ ಕಣ್ಣು ಕಾಣಂಗಿಲ್ಲ."

"ನಮ್ಮಿಬ್ಬರ ನಾಕು ಕಣ್ಣು ಅದಾವಲ್ರಿ."

"ಮಂದಿ ನನ್ನ ಏನಂತಾರ ಗೊತ್ತೈತೇನು? ಹೆಸರು ನುಂಗಿದಾಕಿ ಅಂತಾರ. ನಾಳೆ ನಿಮಗೊಂದು ಸೀನು ಬಂದ್ರೂ ನನ್ನ ಕಡೆನ ನೋಡ್ತಾರ."

"ನೋಡ್ಲಿ. ಅವತ್ತ ಬಾಗಿಲಿಗೆ ನಾ ಬಂದು ನಿಂದರ್ತೇನಿ. ಇದರಾಗ ಈಕಿದೇನೂ ತಪ್ಪಿಲ್ಲ, ನೆಗಡಿ ನಂದು ಅಂತ ಊರಿಗೆಲ್ಲಾ ಕೂಗಿ ಹೇಳ್ತೇನಿ."

ಅಳುವಿನ ನಡುವೆಯೇ ಅವಳಿಗೆ ನಗು ಬಂತು. ಹದಿನಾಲ್ಕು ವರ್ಷದಿಂದ ಎದೆಯ ಮೇಲೆ ಕುಳಿತಿದ್ದ ಭಾರ, ಅವಳು ಎಂದೂ ಯಾರಿಗೂ ತೋರಿಸದ ಭಾರ, ಆ ನಗುವಿನಲ್ಲಿ ಇಳಿದು ಹೋಯಿತು.

"ಹಂಗಾರ... ಹೂಂ ಅಂತೀರೇನು?" ಅಂದ ಕುಬೇರಪ್ಪ. "ಇಷ್ಟು ದಿನ ಸಿಟ್ಟಿನಾಗನ ನನ್ನ ಹೆಸರು ಹಿಡದು ಕರದೀರಿ. ಒಂದು ಸಲ ಪ್ರೀತಿಲೆ ಕರದು, ಹೂಂ ಅನ್ರಿ."

ಅವಳು ಕಣ್ಣು ಒರೆಸಿಕೊಂಡು ಅವನನ್ನು ನೋಡಿದಳು.

"ಹೂಂ" ಅಂದಳು.

"ಹೆಸರು?"

"ಅದೊಂದು ಇನ್ನ ಮ್ಯಾಲ ಕೇಳಬ್ಯಾಡ್ರಿ."

"ಯಾಕ?"

"ನಿಮ್ಮ ಆಯುಷ್ಯ ಪೂರಾ ಬೇಕು ನನಗ. ಒಂದು ದಿನಾನೂ ಕಡಿಮಿ ನಡಿಯಂಗಿಲ್ಲ."